ಇಲಿಬಾಲದ ಗೆರೆ

ನಮ್ಮ ಚಿತ್ರಶಾಲೆಯಲ್ಲಿ ಅವರನ್ನು ಎಲ್ಲರೂ ಬದಲಿ ಮೇಷ್ಟ್ರು ಎನ್ನುತ್ತಿದ್ದರು. ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುವವರನ್ನು ಒಂದು ಸಾಫ್ಟ್‌ವೇರಿನಿಂದ ಎಬ್ಬಿಸಿ ಇನ್ನೊಂದರಲ್ಲಿ ಕೂರಿಸುವುದು ಅವರ ಕಸುಬು. ಹೀಗೊಂದು ಕಸುಬು ಇದೆ ಎಂದು ನನಗೆ ತಿಳಿದದ್ದೇ ಅವರು ಬಂದ ಮೇಲೆ. ಹೊಟ್ಟೆಪಾಡಿಗೆ ಮನುಷ್ಯ ಏನೆಲ್ಲ ಕಂಡುಹಿಡಿಯುತ್ತಾನಪ್ಪ ಎಂದು ಆಗ ನಕ್ಕಿದ್ದೆ. ಆ ನಗು ನನಗೇ ತಿರುಗಿತು, ಅದನ್ನು ಆಮೇಲೆ ಹೇಳುತ್ತೇನೆ.

ನಾವು ಹನ್ನೆರಡು ಜನ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಉದ್ದನೆಯ ಕೋಣೆಯಲ್ಲಿ ಕೂತು ಮಕ್ಕಳ ಕಥೆಪುಸ್ತಕಗಳಿಗೆ ಚಿತ್ರ ಬರೆಯುತ್ತೇವೆ. ನಮ್ಮಲ್ಲಿ ಎಲ್ಲರಿಗಿಂತ ಹಳಬರು ಹಿರಿಯಕ್ಕ. ಅವರು ಬರೆಯುವುದು ಹಕ್ಕಿಗಳನ್ನು, ಮುದುಕರನ್ನು. ಅವರ ಗೆರೆ ಸಣ್ಣಗೆ ನಡುಗುತ್ತದೆ. ಆ ನಡುಕ ನೋಡಿಯೇ ಮಕ್ಕಳು ಅವರ ಪುಸ್ತಕವನ್ನು ರಾಶಿಯಿಂದ ಎಳೆದು ತೆಗೆಯುತ್ತಾರಂತೆ. ನಾನು ಬರೆಯುವುದು ಮನೆ, ಬಾಗಿಲು, ಪಾತ್ರೆ, ಕುರ್ಚಿ. ನನ್ನ ಗೆರೆಯನ್ನು ಇದುವರೆಗೆ ಯಾರೂ ಗುರುತಿಸಿದ್ದಿಲ್ಲ.

ಹದಿನಾಲ್ಕು ವರ್ಷ ನಮ್ಮ ಚಿತ್ರಶಾಲೆ ಒಂದೇ ಸಾಫ್ಟ್‌ವೇರಿನ ಜೊತೆ ಸಂಸಾರ ಮಾಡಿತು. ಒಂದು ದಿನ ಅದನ್ನು ತಯಾರಿಸುವವರು ಅಂಗಡಿ ಮುಚ್ಚಿದರು. ನಮ್ಮ ಯಜಮಾನಿ ಹೊಸದೊಂದನ್ನು ಕೊಂಡು ತಂದು, "ಮೂರು ತಿಂಗಳೊಳಗೆ ಎಲ್ರೂ ಇದಕ್ಕೆ ಬರ್ಬೇಕು. ಬರೋಕಾಗದವರು ಮನೇಲಿ ಕೂತ್ಕೊಂಡು ಪೆನ್ಸಿಲ್ಲಲ್ಲಿ ಬರ್ಕೊಳ್ಳಿ" ಎಂದರು. ಮೊದಲ ವಾರ ನಮ್ಮ ಪಾಡು ಯಾರಿಗೂ ಬೇಡ. ಬೇರೆಯವರ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ಹುಡುಕಿದ ಹಾಗೆ ಒಂದೊಂದು ಬ್ರಷ್ಷಿಗೂ ತಡಕಾಡಿದೆವು. ಎಡಗೈ ತನ್ನಷ್ಟಕ್ಕೆ ಹಳೆಯ ಕೀ ಒತ್ತುತ್ತಿತ್ತು, ತಪ್ಪು ಗೆರೆ ಅಳಿಸುವುದರ ಬದಲು ಚಿತ್ರವೇ ತಲೆಕೆಳಗಾಗುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾವು ಹನ್ನೆರಡು ಜನವೂ ಒಟ್ಟಿಗೆ ನೆಲ ಡೊಂಕು ಎಂದೆವು.

ಆಗ ಬಂದವರು ಮೇಷ್ಟ್ರು. ಐವತ್ತರ ಆಸುಪಾಸು, ಸಣಕಲು ಮೈ, ಅಳತೆಗೆ ಸರಿಯಾಗಿ ಹೊಲಿದ ಅಂಗಿ. ಹೆಂಡತಿ ಟೈಲರ್. ಕಂಕುಳಲ್ಲಿ ದಾರ ಸುತ್ತಿದ ಒಂದು ಹಳೆಯ ಫೈಲು. ಆ ಫೈಲಿನಲ್ಲಿ ಏನಿದೆ ಎಂದು ಮೊದಲ ದಿನವೇ ಅವರೇ ಹೇಳಿದರು, ಅದೂ ನಗುನಗುತ್ತಾ. ಅವರು ಬರೆದ ಚಿತ್ರಗಳು. ಈ ಚಿತ್ರಶಾಲೆಯಲ್ಲಿ ಚಿತ್ರಗಾರನಾಗಬೇಕು ಎಂದು ಇಪ್ಪತ್ತು ವರ್ಷದಲ್ಲಿ ಮೂರು ಸಲ ಆ ಫೈಲು ಹಿಡಿದು ಮೆಟ್ಟಿಲು ಹತ್ತಿದ್ದರು. ಮೂರು ಸಲವೂ ನಮ್ಮ ಯಜಮಾನಿಯೇ ನೋಡಿ, "ಗೆರೆ ಚೊಕ್ಕವಾಗಿದೆ. ಆದ್ರೆ ಯಾರದ್ದು ಅಂತ ಗೊತ್ತಾಗಲ್ಲ" ಎಂದು ವಾಪಸು ಕಳಿಸಿದ್ದರು. ಮೂರನೆಯ ಸಲ ಯಜಮಾನಿಗೆ ಹಿಂದಿನ ಎರಡು ಸಲ ನೆನಪೇ ಇರಲಿಲ್ಲ.

"ಈ ಸಲ ಮಾತು ಕೊಟ್ಟಿದಾರೆ" ಎಂದರು ಮೇಷ್ಟ್ರು. "ನೀವು ಹನ್ನೆರಡು ಜನಾನೂ ಟೈಮಿಗೆ ಸರಿಯಾಗಿ ಹೊಸದಕ್ಕೆ ಬಂದ್ರೆ, ಕೊನೇ ದಿನ ನನ್ನ ಫೈಲು ಇನ್ನೊಂದು ಸಲ ನೋಡ್ತಾರಂತೆ."

"ನಾವು ಬರದೇ ಇದ್ರೆ?" ಎಂದೆ.

"ಬರ್ತೀರಿ ಬಿಡಿ. ನನ್ನ ಹೊಟ್ಟೆ ಮೇಲೆ ಹೊಡೀತೀರಾ?"

ಮನುಷ್ಯನ ತಾಳ್ಮೆಯನ್ನು ಮೆಚ್ಚಬೇಕು. ಒಬ್ಬೊಬ್ಬರ ಪಕ್ಕದಲ್ಲೂ ಸ್ಟೂಲು ಹಾಕಿಕೊಂಡು ಕೂತು, ನಮ್ಮ ಎಡಗೈ ಎಲ್ಲೆಲ್ಲಿ ಓಡುತ್ತದೆ ಎಂದು ನೋಡಿ, ಹಳೆಯ ಕೀಗಳನ್ನೇ ಹೊಸದರಲ್ಲಿ ಅದೇ ಜಾಗಕ್ಕೆ ತಂದಿಟ್ಟರು. ಹಿರಿಯಕ್ಕನಿಗೆ ಕೀಗಳ ಮೇಲೆ ಬಣ್ಣದ ಟೇಪು ಅಂಟಿಸಿಕೊಟ್ಟರು. ಹಳೆಯ ಬ್ರಷ್ಷುಗಳನ್ನು ಒಂದೊಂದಾಗಿ ಹೊಸದರಲ್ಲಿ ಮಾಡಿಕೊಟ್ಟು, ನಾವು ನಾವೇ ಇಟ್ಟುಕೊಂಡಿದ್ದ ಹಾಳು ಹೆಸರುಗಳನ್ನೂ ಹಾಗೇ ಉಳಿಸಿದರು. "ಗಂಜಿ", "ಪೊರಕೆ", "ಅತ್ತೆ" ಎಂಬ ಬ್ರಷ್ಷುಗಳು ಹೊಸ ಮನೆಯಲ್ಲೂ ಕಾಣಿಸಿದಾಗ ನಮಗೆ ಅರ್ಧ ಜೀವ ಬಂತು.

ಉಳಿದದ್ದು ಕೈಯ ಒತ್ತಡದ ಅಳತೆ. ಕೆಲವರು ಕಂಪ್ಯೂಟರಿನ ಪೆನ್ನನ್ನು ಒತ್ತಿ ಬರೆಯುತ್ತಾರೆ, ಕೆಲವರು ತೇಲಿಸಿ ಬರೆಯುತ್ತಾರೆ. ಎಷ್ಟು ಒತ್ತಿದರೆ ಗೆರೆ ಎಷ್ಟು ದಪ್ಪವಾಗಬೇಕು, ನಡುಕವನ್ನು ಎಷ್ಟು ಹಿಡಿಯಬೇಕು, ಕೊನೆಯಲ್ಲಿ ಹೇಗೆ ಸಣ್ಣಗಾಗಬೇಕು ಎಂಬುದನ್ನೆಲ್ಲ ಹೊಸ ಸಾಫ್ಟ್‌ವೇರಿಗೆ ಹೇಳಿಕೊಡಬೇಕು. ಅದಕ್ಕೆ ಬರೆಯುವವರು ಕೂತು ಇನ್ನೂರು ಗೆರೆ ಎಳೆಯಬೇಕು, ಮೇಷ್ಟ್ರು ಪಕ್ಕದಲ್ಲಿ ಕೂತು ಸೆಟ್ಟಿಂಗ್ ತಿರುಗಿಸುತ್ತಾ ಹೋಗಬೇಕು. ಹತ್ತು ಗೆರೆ ಎಳೆಯುವಷ್ಟರಲ್ಲಿ ನಮಗೆ ಆಕಳಿಕೆ.

"ನೀವೇ ಸರಿ ಮಾಡಿ ಇಟ್ಬಿಡಿ ಮೇಷ್ಟ್ರೇ, ನಾವು ಟೀ ಕುಡ್ಕೊಂಡು ಬರ್ತೀವಿ" ಎಂದು ಮೊದಲು ಹೇಳಿದವಳು ನಾನೇ. ಆಮೇಲೆ ಎಲ್ಲರೂ ಹಾಗೇ ಮಾಡಿದರು. ಮೊದಲ ತಿಂಗಳು ಮುಗಿಯುತ್ತಾ ಬಂದಿತ್ತು, ಪಾಪ, ಅವರಿಗೂ ಅವಸರ. ನಾವು ಕೆಳಗೆ ಟೀ ಅಂಗಡಿಯಲ್ಲಿ ಲೋಕದ ಚಾಡಿಯೆಲ್ಲ ಹೇಳಿಕೊಂಡು ಬರುವಷ್ಟರಲ್ಲಿ ಅವರು ನಮ್ಮ ಕುರ್ಚಿಯಲ್ಲಿ ಕೂತು, ನಮ್ಮ ಪೆನ್ನು ಹಿಡಿದು, ತಾವೇ ಇನ್ನೂರು ಗೆರೆ ಎಳೆದು, ಕೈಗೆ ಸರಿಹೋಗುವವರೆಗೆ ತಿದ್ದಿ ಮುಗಿಸಿರುತ್ತಿದ್ದರು.

ಬಂದು ಬರೆದು ನೋಡಿದರೆ ಬೆಣ್ಣೆಯಲ್ಲಿ ಎಳೆದಂಥ ಗೆರೆ! ನಡುವೆ ಸ್ವಲ್ಪ ತುಂಬಿಕೊಂಡು, ಕೊನೆಯಲ್ಲಿ ಇಲಿಬಾಲದ ಹಾಗೆ ಸಣ್ಣಗಾಗಿ ಮೇಲೆದ್ದು ಹೋಗುತ್ತಿತ್ತು. ನನ್ನ ಬಾಗಿಲುಗಳಿಗೆ, ಪಾತ್ರೆಗಳಿಗೆ ಇದ್ದಕ್ಕಿದ್ದಂತೆ ಒಂದು ಕಳೆ ಬಂತು. ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಯಜಮಾನಿ ನನ್ನ ಮೇಜಿನ ಹಿಂದೆ ನಿಂತು, "ಪರ್ವಾಗಿಲ್ವೇ, ಕೈ ಪಳಗ್ತಾ ಇದೆ" ಎಂದರು. ಅವತ್ತು ನಾನು ಮನೆಗೆ ಹೋಗಿ ಗಂಡನಿಗೂ ಮಗಳಿಗೂ ಇದನ್ನು ಎರಡೆರಡು ಸಲ ಹೇಳಿದೆ. ಸಾಫ್ಟ್‌ವೇರನ್ನು ಹೊಗಳಿದೆ, ನನ್ನ ಕೈಯನ್ನು ಹೊಗಳಿಕೊಂಡೆ. ಮೇಷ್ಟ್ರ ನೆನಪು ಮಾತ್ರ ಬರಲಿಲ್ಲ.

ಮೂರು ತಿಂಗಳು ತುಂಬಿದ ದಿನ ಒಂದು ದೊಡ್ಡ ಪುಸ್ತಕದ ಚಿತ್ರಗಳೂ ಸಿದ್ಧವಾಗಿದ್ದವು. ಹನ್ನೆರಡು ಕಥೆ, ಒಂದೊಂದಕ್ಕೆ ಒಬ್ಬೊಬ್ಬರ ಚಿತ್ರ. ಹನ್ನೆರಡು ಕೈ ಒಂದೇ ಪುಸ್ತಕದಲ್ಲಿ ಎಂಬುದೇ ಅದರ ಹೆಚ್ಚುಗಾರಿಕೆ. ಪ್ರತಿಯೊಬ್ಬರದ್ದೂ ಒಂದೊಂದು ಹಾಳೆಯನ್ನು ಗೋಡೆಗೆ ಸಾಲಾಗಿ ಪಿನ್ನು ಚುಚ್ಚಿ ನಿಲ್ಲಿಸಿದೆವು. ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಫೈಲು ಹಿಡಿದು ಬಾಗಿಲ ಬಳಿ ನಿಂತಿದ್ದರು.

ಯಜಮಾನಿ ಒಂದು ತುದಿಯಿಂದ ನೋಡುತ್ತಾ ಬಂದವರು ನಾಲ್ಕನೆಯ ಹಾಳೆಗೆ ನಿಂತರು. ಹಿಂದಕ್ಕೆ ಹೋದರು. ಮತ್ತೆ ಮುಂದಕ್ಕೆ ಬಂದರು. ಆಮೇಲೆ ಕೋಣೆಯ ನಡುವೆ ಬಂದು ಕನ್ನಡಕ ತೆಗೆದು ನೋಡಿದರು.

"ಇದನ್ನೆಲ್ಲ ಬರೆದವರು ಯಾರು?"

ನಾವು ಮುಖ ಮುಖ ನೋಡಿಕೊಂಡೆವು. ಆಗಲೇ ನಮಗೂ ಕಂಡದ್ದು. ಮೋಡಕ್ಕೆ ಇಲಿಬಾಲ, ಕುದುರೆಯ ಕಿವಿಗೆ ಇಲಿಬಾಲ, ನನ್ನ ಸೌಟಿಗೆ ಇಲಿಬಾಲ. ಮೂರು ತಿಂಗಳು ನಾವು ಒಬ್ಬರ ಚಿತ್ರವನ್ನು ಇನ್ನೊಬ್ಬರು ಕಣ್ಣೆತ್ತಿಯೂ ನೋಡಿರಲಿಲ್ಲ. ಚಿತ್ರಗಾರರು ನೋಡುವುದು ತಮ್ಮದನ್ನೇ.

ಯಜಮಾನಿ ಹಿರಿಯಕ್ಕನ ಹಾಳೆಯ ಮುಂದೆ ನಿಂತರು. ಕೊಕ್ಕರೆಯ ಕಾಲುಗಳು ನಡುಗದೆ, ನುಣ್ಣಗೆ, ಎಣ್ಣೆ ಹಚ್ಚಿದಂತೆ ಇಳಿದಿದ್ದವು.

"ಉಳಿದವರ ಮಾತು ಬಿಡಿ. ನಿಮ್ಮ ಕೈನೂ ಹೋಯ್ತಾ ಅಕ್ಕಾ? ಯಾರನ್ನ ನೋಡಿ ಬರೆದ್ರಿ?" ದನಿ ಮೆತ್ತಗಿತ್ತು, ಅದೇ ಭಯ. "ಇಪ್ಪತ್ತಾರು ವರ್ಷ ಆಯ್ತಲ್ಲ. ಸಾಕು ಅನ್ಸಿದ್ರೆ ಹೇಳ್ಬಿಡಿ. ಈ ಪುಸ್ತಕದಿಂದ ನಿಮ್ಮ ಕಥೆ ಬೇರೆಯವ್ರಿಗೆ ಕೊಡ್ತೀನಿ."

ಹಿರಿಯಕ್ಕ ತಮ್ಮ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ನೋಡುತ್ತಾ ನಿಂತರು. ಕೈ ಹೋಯಿತೆಂದು ಅವರೂ ನಂಬಿಬಿಟ್ಟರು ಎಂದು ನನಗೆ ಗೊತ್ತಾಯಿತು. ಕಾರಣ ಗೊತ್ತಿದ್ದರೂ ನಾನು ಬಾಯಿ ಬಿಡಲಿಲ್ಲ. ಟೀ ಕುಡಿಯಲು ಹೋದ ವಿಷಯ ಯಾರು ಎತ್ತುತ್ತಾರೆ?

ಬಾಗಿಲ ಬಳಿ ನಿಂತಿದ್ದ ಮೇಷ್ಟ್ರು ಗೋಡೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿದರು. ಅವರ ಮುಖದಲ್ಲಿ ಮೊದಲು ಬಂದದ್ದು ಸಂತೋಷ, ಇದನ್ನು ನಾನು ಆಣೆ ಮಾಡಿ ಹೇಳುತ್ತೇನೆ. ಆಮೇಲೆ ಅದು ಇಳಿದುಹೋಯಿತು. ಸುಮ್ಮನೆ ಫೈಲು ಹಿಡಿದುಕೊಂಡು ಮೆಟ್ಟಿಲಿಳಿದು ಹೋಗಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಸಾಫ್ಟ್‌ವೇರಿನ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳಬಹುದಿತ್ತು. ಅವರು ಫೈಲಿನ ದಾರ ಬಿಚ್ಚಿದರು. ಒಂದು ಹಾಳೆ ತೆಗೆದು, ಸಾಲಿನ ಕೊನೆಗೆ ಹದಿಮೂರನೆಯದಾಗಿ ಪಿನ್ನು ಚುಚ್ಚಿದರು. ಬೆನ್ನು ತಿರುಗಿಸಿ ಕೂತ ಒಂದು ಬೆಕ್ಕು. ಅದರ ಬೆನ್ನಿನ ಗೆರೆ ನಡುವೆ ತುಂಬಿಕೊಂಡು, ಕೊನೆಯಲ್ಲಿ ಸಣ್ಣಗಾಗಿ ಮೇಲೆದ್ದಿತ್ತು. ಹಾಳೆ ಹಳದಿಯಾಗಿತ್ತು, ಮೂಲೆಯಲ್ಲಿ ಹದಿನೇಳು ವರ್ಷದ ಹಿಂದಿನ ತಾರೀಖು.

"ಇದೂ ಇವ್ರದ್ದೇನಾ?" ಎಂದರು ಯಜಮಾನಿ.

"ಇದು ನಂದು ಮೇಡಂ. ಅವು ಹನ್ನೆರಡರ ಗೆರೆನೂ ನಂದೇ. ಅಕ್ಕನ ಕೈಗೆ ಏನೂ ಆಗಿಲ್ಲ. ಅಳತೆ ನಾನು ನನ್ನ ಕೈಗೆ ಹಿಡಿದ್ಬಿಟ್ಟೆ."

ಯಜಮಾನಿ ಬೆಕ್ಕನ್ನು ಬಹಳ ಹೊತ್ತು ನೋಡಿದರು. "ಈ ಗೆರೆ ಎಲ್ಲಿದ್ರೂ ನಾನೀಗ ಗುರುತು ಹಿಡೀತೀನಿ" ಎಂದರು. ಮೇಷ್ಟ್ರು ತಲೆಯೆತ್ತಿದರು. "ಆದ್ರೆ ಏನು ಮಾಡ್ಲಿ ಹೇಳಿ. ಹನ್ನೆರಡು ಜನ ಆಗ್ಲೇ ಇದೇ ಗೆರೇಲಿ ಬರೆದು ಮುಗ್ಸಿದಾರೆ. ಈಗ ನಿಮ್ಮನ್ನ ತಗೊಂಡ್ರೆ, ನೋಡಿದವ್ರಿಗೆ ನೀವೇ ಇವ್ರನ್ನ ನೋಡಿ ನಕಲು ಮಾಡ್ದಂಗೆ ಕಾಣತ್ತೆ. ಮೊದ್ಲು ಎಲ್ಲಾ ವಾಪಸ್ ಸರಿ ಮಾಡಿ." ಇಪ್ಪತ್ತು ವರ್ಷ ಗೆರೆಗೆ ಗುರುತಿಲ್ಲ ಎಂದು ಬೇಡವಾದ ಮನುಷ್ಯ ಅವತ್ತು ಗುರುತು ಹೆಚ್ಚಾಯಿತೆಂದು ಬೇಡವಾದರು. ಮೇಷ್ಟ್ರು "ಆಯ್ತು ಮೇಡಂ" ಎಂದರು.

ಮರುದಿನದಿಂದ ಒಂದು ವಾರ ಸ್ಟೂಲು ಮತ್ತೆ ಮೇಜಿನಿಂದ ಮೇಜಿಗೆ ಹೋಯಿತು. ಈ ಸಲ ಯಾರೂ ಟೀಗೆ ಏಳಲಿಲ್ಲ. "ಮನೇಲಿ ಹೆಂಡ್ತಿ ಕೈಲಿ ಸರಿಯಾಗಿ ಉಗಿಸ್ಕೊಂಡೆ" ಎಂದರು ಮೇಷ್ಟ್ರು. "ಗಿರಾಕಿ ಹೊರಗೆ ಹೋಗಿದಾನೆ ಅಂತ ನಿಮ್ಮ ಮೈಯಳತೆಗೇ ಹನ್ನೆರಡು ಅಂಗಿ ಹೊಲ್ದ್ರಾ, ಇಷ್ಟು ವರ್ಷ ನನ್ನ ಜೊತೆ ಬಾಳಿ ಇದನ್ನೇ ಕಲ್ತದ್ದಾ ಅಂದ್ಲು."

ಹಿರಿಯಕ್ಕ ಮಗ್ಗಿ ಒಪ್ಪಿಸುವ ಹುಡುಗಿಯಂತೆ ಇನ್ನೂರು ಗೆರೆ ಎಳೆದರು. ನೂರರ ಹೊತ್ತಿಗೆ ನಡುಕ ವಾಪಸು ಬಂತು. ಒಂದು ಕೊಕ್ಕರೆ ಬರೆದು, ಅದರ ಕಾಲು ನೋಡಿ, ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. ಒರೆಸಿದ್ದು ಕನ್ನಡಕವನ್ನಲ್ಲ.

ಕೊನೆಗೆ ಉಳಿದದ್ದು ನನ್ನ ಮೇಜು. ನಾನು ಅಕ್ಕಪಕ್ಕ ನೋಡಿ ದನಿ ತಗ್ಗಿಸಿದೆ. "ಮೇಷ್ಟ್ರೇ, ನಂದು ಹಾಗೇ ಇರ್ಲಿ ಬಿಡಿ. ಬಾಗಿಲು, ಪಾತ್ರೆ ಯಾರು ನೋಡ್ತಾರೆ? ಯಜಮಾನಿಗೆ ಗೊತ್ತಾಗಲ್ಲ."

ಮೇಷ್ಟ್ರು ಸ್ಟೂಲನ್ನು ನನ್ನ ಪಕ್ಕಕ್ಕೆ ಎಳೆದುಕೊಂಡರು. "ಇಷ್ಟು ವರ್ಷದಲ್ಲಿ ನನ್ನ ಗೆರೆ ಬೇಕು ಅಂದೋರು ನೀವೊಬ್ರೇ ಕಣಮ್ಮ" ಎಂದರು. ಆಮೇಲೆ ಕೈ ಚಾಚಿದರು, ನಾನು ಅವರ ಸಾಮಾನು ಇಟ್ಟುಕೊಂಡಿದ್ದೇನೆ ಎಂಬ ಹಾಗೆ. "ಆದ್ರೆ ಬರೋ ವರ್ಷ ನಾನು ಇನ್ನೊಂದು ಸಲ ಫೈಲು ತಗೊಂಡು ಬರ್ಬೇಕು. ಆಗ ಇದು ಇನ್ನೊಬ್ರ ಹತ್ರ ಇರ್ಬಾರ್ದು. ನನಗಿರೋದು ಇದೊಂದೇ. ಕೊಟ್ಬಿಡಿ."

ನನಗೆ ನಾಚಿಕೆಯಾಯಿತು. ಹನ್ನೊಂದು ವರ್ಷ ಸಂಬಳ ತೆಗೆದುಕೊಂಡ ನಾನು, ಒಂದು ದಿನವೂ ಕುರ್ಚಿ ಸಿಗದವನ ಗೆರೆಗೆ ಆಸೆಪಟ್ಟಿದ್ದೆ. ಪೆನ್ನು ಹಿಡಿದು ಎಳೆಯತೊಡಗಿದೆ. ಅವರು ತಿರುಗಿಸುತ್ತಾ ಹೋದರು. ಬೆಣ್ಣೆ ಹೋಯಿತು, ಬಾಲ ಹೋಯಿತು. ಇನ್ನೂರನೆಯ ಗೆರೆಯ ಹೊತ್ತಿಗೆ ನನ್ನ ಹಳೆಯ ಗೆರೆ ಬಂದು ಕೂತಿತ್ತು. ದಪ್ಪಗೆ ಹೊರಟು, ಎಲ್ಲೂ ಬಾಗದೆ, ಕೊನೆಯಲ್ಲಿ ಗೋಡೆಗೆ ಡಿಕ್ಕಿ ಹೊಡೆದಂತೆ ತಟಕ್ಕನೆ ನಿಲ್ಲುವ ಗೆರೆ. ಅದರಲ್ಲೇ ಒಂದು ಬಾಗಿಲು ಬರೆದೆ.

ಮೇಷ್ಟ್ರು ಬಗ್ಗಿ ನೋಡಿದರು. "ಇದು ಯಾರದ್ದು ಅಂತ ಕೇಳೋ ಹಾಗೇ ಇಲ್ಲ, ನಿಮ್ದೇ" ಎಂದರು.

ಆ ಮಾತು ಕೇಳಲು ಅವರು ಇಪ್ಪತ್ತು ವರ್ಷ ಆ ಮೆಟ್ಟಿಲು ಹತ್ತಿದ್ದರು. ಅದನ್ನು ನನಗೆ ಹೇಳಿ, ಎದ್ದು ಗೋಡೆಯಿಂದ ಬೆಕ್ಕಿನ ಹಾಳೆ ಬಿಡಿಸಿಕೊಂಡರು. ಫೈಲಿಗೆ ಹಾಕಿ, ದಾರ ಎರಡು ಸುತ್ತು ಸುತ್ತಿ ಗಂಟು ಬಿಗಿದು, ಸ್ಟೂಲನ್ನು ಅದರ ಜಾಗಕ್ಕೆ ಸರಿಸಿ ಮೆಟ್ಟಿಲಿಳಿದು ಹೋದರು.