ಪೀಠ ಒರೆಸುತ್ತಿದ್ದ ಟೀಚರ್

ತಿ. ನರಸೀಪುರದ ನಮ್ಮ ಚರ್ಚಿನಲ್ಲಿ ಪಾದ್ರಿಗಳು ಪ್ರಸಂಗ ಮಾಡುವ ಪೀಠವನ್ನು ಸೆರಗಿನಿಂದ ಒರೆಸುತ್ತಿದ್ದವರು ನನ್ನ ಸಂಡೆ ಸ್ಕೂಲ್ ಟೀಚರ್. ಕೆಳಗೇ ನಿಂತು ಕೈ ಚಾಚಿ ಒರೆಸುತ್ತಿದ್ದರು. ಮೆಟ್ಟಿಲು ಹತ್ತಿದ್ದನ್ನು ನಾನು ಕಾಣೆ. "ಯೇಸಪ್ಪ ಸತ್ತು ಎದ್ದಿದ್ನ ಮೊದ್ಲು ಯೋಳ್ದೋರು ಎಂಗಸ್ರು ಕಣ್ರೋ" ಎಂದು ಪ್ರತಿ ಈಸ್ಟರಿಗೂ ಮಕ್ಕಳಿಗೆ ಹೇಳುತ್ತಿದ್ದರು.

ನಾನು ಚರ್ಚಿನ ಕಾರ್ಯದರ್ಶಿಯಾದ ವರ್ಷ, ಈಸ್ಟರ್ ಬೆಳಿಗ್ಗೆ, ಮೈಸೂರಿನ ಬಸ್ಸು ಕೆಟ್ಟು ಪಾದ್ರಿಗಳು ಬರಲಿಲ್ಲ. ಜನ ಕಾದು ಕುಳಿತಿದ್ದರು. ಟೀಚರ್ ಬೈಬಲ್ ಹಿಡಿದು ಎದ್ದು ಬಂದರು.

"ನಾ ಯೋಳ್ಲೇನಪ್ಪಾ?"

"ಬೇಡಿ ಟೀಚರ್, ಕಮಿಟಿ ಒಪ್ಪಲ್ಲ" ಎಂದೆ. ಕಮಿಟಿಯನ್ನು ನಾನು ಕೇಳಿರಲೇ ಇಲ್ಲ.

"ಅವತ್ತೂ ಎಂಗಸ್ರ ಮಾತ ಗಂಡಸ್ರು ನಂಬ್ನಿಲ್ಲ, ಬುಡಪ್ಪ" ಎಂದು ಬೈಬಲ್ ಮುಚ್ಚಿದರು.

ಆ ಈಸ್ಟರಿನಲ್ಲಿ, ಯೇಸು ಎದ್ದ ಸುದ್ದಿಯನ್ನು ನಮ್ಮ ಚರ್ಚಿನಲ್ಲಿ ಯಾರೂ ಹೇಳಲಿಲ್ಲ.