ಅಂಜಲ್ ಮೀನಿನ ಬಲಮಗ್ಗುಲು

ನಂಬಲಾಗದಂಥ ಅನುಭವಗಳನ್ನು ಯಾರಾದರೂ ಹೇಳಲು ಶುರುಮಾಡಿದರೆ ಮೊದಲು ನಗುತ್ತಿದ್ದವನು ನಾನು. ಆ ಅಭ್ಯಾಸಕ್ಕೆ ಕಾರಣ ನನ್ನ ಅಪ್ಪ. ಮಲ್ಪೆಯಲ್ಲಿ ನಲವತ್ತು ವರ್ಷ ಮೀನು ಹಿಡಿದವರು. ಅವರ ಮಾತಿನಲ್ಲಿ ಬಂದ ಒಂದು ಮೀನೂ ಸಣ್ಣದಾಗಿರಲಿಲ್ಲ. ದೋಣಿಯನ್ನೇ ಬೆನ್ನ ಮೇಲೆ ಹೊತ್ತು ದಡ ಸೇರಿಸಿದ ಆಮೆಯ ಕಥೆಯನ್ನು ನಾವು ಮಕ್ಕಳು ಹೊಟ್ಟೆ ಹಿಡಿದುಕೊಂಡು ನಗಲಿಕ್ಕೆಂದೇ ಮತ್ತೆ ಮತ್ತೆ ಹೇಳಿಸುತ್ತಿದ್ದೆವು. ಊರವರೂ ಅವರ ಮಾತನ್ನು ಅರ್ಧಕ್ಕೆ ಇಳಿಸಿಯೇ ಕೇಳುತ್ತಿದ್ದರು.

ಕೆಲವು ವರ್ಷಗಳ ಹಿಂದೆ ಅಪ್ಪ ವಿಸಿಟ್ ವೀಸಾದಲ್ಲಿ ಅಬುಧಾಬಿಗೆ ಬಂದರು. ಖಲೀಫಾ ಸಿಟಿಯ ಒಂದು ವಿಲ್ಲಾದ ಹಿಂಭಾಗದಲ್ಲಿ ನಮ್ಮ ಸಂಸಾರ. ಒಂದು ವಾರ ಮಾಲ್ ಸುತ್ತಿಸಿದ ಮೇಲೆ ಅವರು, "ಇಲ್ಲಿ ಸಮುದ್ರ ಉಂಟಾ, ಬರೀ ಎ.ಸಿ.ಯಾ?" ಎಂದು ಕೇಳಿದರು. ಬಾಡಿಗೆ ಬೋಟಿನಲ್ಲಿ ಗಾಳ ಹಾಕಲು ಕರೆದುಕೊಂಡು ಹೋದೆ. ಮೀನುಗಾರನ ಮಗನಾದ ನಾನು ಬೋಟಿನ ಒಂದು ಬದಿಗೆ ಬಗ್ಗಿ ವಾಂತಿ ಮಾಡುತ್ತಿದ್ದರೆ, ಎಪ್ಪತ್ತು ದಾಟಿದ ಅಪ್ಪ ಇನ್ನೊಂದು ಬದಿಯಲ್ಲಿ ನಾಲ್ಕಡಿ ಉದ್ದದ ಅಂಜಲ್ ಎಳೆದು ಹಾಕಿದರು. ಆ ಕುಣಿತ ನೋಡಬೇಕಿತ್ತು! ತಲೆ ತಿರುಗುತ್ತಿದ್ದರೂ ಹೇಗೋ ಒಂದು ಫೋಟೋ ತೆಗೆದೆ. ಅದರಲ್ಲಿ ಮೀನಿನ ಎಡಮಗ್ಗುಲು ಮಾತ್ರ ಇದೆ.

ವಾಪಸ್ ಬರುವಾಗ ಕಾರಿನಲ್ಲಿ ಅಪ್ಪ ಶುರುಮಾಡಿದರು. ಮೀನಿನ ಬಲಮಗ್ಗುಲಲ್ಲಿ, ರೆಕ್ಕೆಯ ಕೆಳಗೆ, ಬಿದಿಗೆ ಚಂದ್ರನಂಥ ಬಿಳಿ ಗುರುತು ಇದೆಯಂತೆ. ಸರಿಯಾಗಿ ಅವರ ಮೂರು ಬೆರಳಿನಷ್ಟು ಅಗಲ. ಅದೇ ಗುರುತಿನ ಅಂಜಲ್ ಒಂದು ಪ್ರಾಯಕಾಲದಲ್ಲಿ ಅವರ ಗಾಳ ಕಿತ್ತುಕೊಂಡು ಹೋಗಿತ್ತಂತೆ. "ಇದು ಅದರ ಮೊಮ್ಮಗ ಇರ್ಬೇಕು." ನಾನು ಎಂದಿನಂತೆ ನಕ್ಕೆ. ಡಿಕ್ಕಿಯಲ್ಲಿದ್ದ ಐಸ್ ಪೆಟ್ಟಿಗೆ ತೆರೆದು ನೋಡುವಷ್ಟೂ ಮನಸ್ಸು ಮಾಡಲಿಲ್ಲ. ಅಪ್ಪ ನನ್ನ ಜತೆ ನಗಲಿಲ್ಲ. "ಒಂದು ಸಲನಾದ್ರೂ ನಂಬಬಹುದಿತ್ತು ನೀನು" ಎಂದು ಕಿಟಕಿಯ ಕಡೆ ತಿರುಗಿದರು.

ಆ ಮಾತು ಚುಚ್ಚಿತು. ಅಲ್ ಐನ್‌ನಲ್ಲಿ ಯೂಸುಫ್ ಭಾಯ್ ಎಂಬ ಮುದುಕರು ಸತ್ತ ಬೇಟೆಹಕ್ಕಿ ಡೇಗೆಗಳನ್ನೂ ಗಾಳಕ್ಕೆ ಬಿದ್ದ ಮೀನುಗಳನ್ನೂ ಕೆಡದಂತೆ ಕಾದಿಟ್ಟು, ಜೀವ ಇದ್ದ ಹಾಗೆಯೇ ಮಾಡಿಕೊಡುತ್ತಾರೆಂದು ಆಫೀಸಿನಲ್ಲಿ ಕೇಳಿದ್ದೆ. ಮೀನನ್ನು ಅವರಿಗೆ ಕೊಡುವುದೆಂದು ನಿಶ್ಚಯಿಸಿದೆ. ಅಪ್ಪನ ಒಂದು ಕಥೆಗಾದರೂ ಸಾಕ್ಷಿ ಉಳಿಯಲಿ.

ಆದರೆ ಇದನ್ನು ಹೆಂಡತಿ ವಸಂತಿಗೆ ಹೇಳಲು ಮರೆತು, ಅಡುಗೆಮನೆಯಲ್ಲಿ ಮೀನಿಟ್ಟು ಮಲಗಿಬಿಟ್ಟೆ. ಎದ್ದಾಗ ಮನೆ ತುಂಬ ಮೀನು ಹುರಿಯುವ ಪರಿಮಳ! ಅಷ್ಟು ತಾಜಾ ಅಂಜಲ್ ಕಂಡ ಉಡುಪಿ ಕಡೆಯ ಹೆಂಗಸು ಕತ್ತಿ ಹಿಡಿಯದೆ ಇರುತ್ತಾಳೆಂದು ನಾನು ಹೇಗೆ ನಂಬಿದೆನೋ. ವಿಲ್ಲಾದ ಇನ್ನು ಮೂರು ಮನೆಗಳಿಗೆ ತುಂಡುಗಳು ಹೋಗಿಯಾಗಿತ್ತು.

"ಗೋಡೆಗೆ ನೇತುಹಾಕ್ಲಿಕ್ಕೆ ಅಂಜಲಾ? ನಿಮ್ಗೆ ತಲೆ ಸಮ ಉಂಟಾ?" ಎಂದು ನನಗೇ ಬೈದಳು. ಗುರುತು ಏನಾದರೂ ಕಂಡಿತಾ ಎಂದರೆ, ಮೀನು ಕೊಯ್ಯುವಾಗ ಅದನ್ನೆಲ್ಲ ಯಾರು ನೋಡುತ್ತಾರೆ ಎಂದಳು. ಅಪ್ಪ ಪಾಪ, ಮುಖ ಸಣ್ಣ ಮಾಡಿಕೊಂಡೇ ನಾಲ್ಕು ತುಂಡು ತಿಂದರು.

ತಲೆ ಮಾತ್ರ ಉಳಿದಿತ್ತು. ಮೀನಿನ ತಲೆ ಮನೆಯ ಹಿರಿಯರ ಪಾಲು ಎಂದು ವಸಂತಿ ಮರುದಿನದ ಸಾರಿಗೆ ತೆಗೆದಿಟ್ಟಿದ್ದಳು. ಬಾಲವನ್ನು ಕಸದ ಚೀಲದಿಂದ ಹೆಕ್ಕಿದೆ. ಎರಡನ್ನೂ ಐಸಿನಲ್ಲಿಟ್ಟು ಮರುದಿನ ಒಬ್ಬನೇ ಅಲ್ ಐನ್‌ಗೆ ಹೋದೆ. ತಿಂದು ಮುಗಿಸಿ ಮೀನು ತಂದ ಮೊದಲ ಗಿರಾಕಿ ನಾನೇ ಎಂದು ಯೂಸುಫ್ ಭಾಯ್ ಹಿಂದಿಯಲ್ಲಿ ಹೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ತಲೆ ಬಾಲ ಸಾಕು, ನಡುವಿನ ಮೈಯನ್ನು ಫೈಬರಿನಲ್ಲಿ ಮಾಡಿ ಬಣ್ಣ ಹಚ್ಚುತ್ತೇನೆ ಎಂದರು. ಅಳತೆ ಹೇಳಿ ಫೋಟೋ ಕೊಟ್ಟೆ. ಬಲಮಗ್ಗುಲ ಗುರುತಿನ ಬಗ್ಗೆ ತುಟಿ ಬಿಚ್ಚಲಿಲ್ಲ. ನಾನೇ ನಂಬದ್ದನ್ನು ಬೇರೆಯವರಿಗೆ ಹೇಳಲು ನಾಚಿಕೆಯಾಯಿತು.

ಅಪ್ಪ ಊರಿಗೆ ಹೊರಡುವ ಎರಡು ದಿನ ಮೊದಲು ಇಬ್ಬರೂ ಮೀನು ತರಲು ಹೋದೆವು. ಇಂಥದ್ದೆಲ್ಲ ಕತ್ತಲಲ್ಲಿ ನಡೆಯುತ್ತದೆ ಎನ್ನುತ್ತಾರೆ. ನನ್ನದು ನಡೆದದ್ದು ಮಧ್ಯಾಹ್ನ ಮೂರು ಗಂಟೆಗೆ, ಟ್ಯೂಬ್‌ಲೈಟಿನ ಬೆಳಕಿನಲ್ಲಿ, ಅರ್ಧ ಕುಡಿದ ಸುಲೈಮಾನಿ ಚಹಾದ ಲೋಟದ ಪಕ್ಕ.

ಯೂಸುಫ್ ಭಾಯ್ ಮೀನು ತೋರಿಸುವ ಮೊದಲೇ ಕ್ಷಮೆ ಕೇಳತೊಡಗಿದರು. ಕೆಲಸದಲ್ಲಿ ಒಂದು ದೋಷ ಉಳಿದಿದೆ, ಎರಡು ಸಲ ಬಣ್ಣ ಹೊಡೆದರೂ ಒಣಗಿದ ಮೇಲೆ ಮತ್ತೆ ಮೂಡುತ್ತಿದೆ, ಬೇಕಾದರೆ ಇನ್ನೊಮ್ಮೆ ಹೊಡೆಯುತ್ತೇನೆ ಎಂದು ಮೀನನ್ನು ಹೊರಳಿಸಿದರು. ಬಲಮಗ್ಗುಲು. ರೆಕ್ಕೆಯ ಕೆಳಗೆ ಬಿದಿಗೆ ಚಂದ್ರನಂಥ ಬಿಳಿ ಗುರುತು.

ನನ್ನ ಮೈ ಜುಮ್ಮೆಂದಿತು. ಅಪ್ಪನಿಗೆ ಆಶ್ಚರ್ಯವೇ ಆಗಲಿಲ್ಲ. ಹತ್ತಿರ ಹೋಗಿ ಮೂರು ಬೆರಳು ಜೋಡಿಸಿ ಅದರ ಮೇಲಿಟ್ಟರು. ಅಳತೆ ತೆಗೆದು ಮಾಡಿದ ಹಾಗೆ ಕೂತಿತು. "ನೋಡಿದ್ಯಾ?" ಎಂದವರೇ ಗಹಗಹಿಸಿ ನಗತೊಡಗಿದರು. ಏನೂ ತಿಳಿಯದ ಯೂಸುಫ್ ಭಾಯ್ ಕೂಡ ನಕ್ಕರು. ನಾನು ನಗುತ್ತಾ ನಗುತ್ತಾ ಅತ್ತುಬಿಟ್ಟೆ. ಅಷ್ಟು ಸಂತೋಷವಾಗಿತ್ತು.

ಬಣ್ಣದ ಕಂಪೆನಿಯಲ್ಲಿರುವ ಗೆಳೆಯನೊಬ್ಬ, ಒಳಗಿನ ತೇವ ಹಾಗೆ ಬಿಳಿಯಾಗಿ ಮೇಲೆ ಬರುತ್ತದೆ ಎಂದ. ಇರಬಹುದು. ಆದರೆ ತೇವಕ್ಕೆ ನನ್ನ ಅಪ್ಪನ ಬೆರಳಿನ ಅಳತೆ ಹೇಳಿದವರು ಯಾರು? ನನಗೆ ಇವತ್ತಿಗೂ ಗೊತ್ತಿಲ್ಲ.

ಮೀನು ನಮ್ಮ ಹಾಲ್‌ನ ಗೋಡೆಯ ಮೇಲಿದೆ, ಬಲಮಗ್ಗುಲು ಹೊರಗೆ. ಅಪ್ಪ ಊರಿನಿಂದ ವಿಡಿಯೋ ಕಾಲ್ ಮಾಡಿ, ಪಕ್ಕದಲ್ಲಿ ಕೂತವರಿಗೆಲ್ಲ ತೋರಿಸುತ್ತಾರೆ. ನನಗೋ ಹೊಸ ಫಜೀತಿ: ಇದು ನಿಜವಾದರೆ ಉಳಿದ ಕಥೆಗಳು? ಕಳೆದ ಭಾನುವಾರ ಧೈರ್ಯ ಮಾಡಿ ಕೇಳಿದೆ, "ಅಪ್ಪ, ಆ ಆಮೆ ದೋಣಿ ಹೊತ್ತದ್ದು ಎಲ್ಲಿ? ಸರಿಯಾಗಿ ಹೇಳಿ."

ಅಪ್ಪ ಪಕ್ಕದಲ್ಲಿ ಕೂತವರನ್ನು ಒಮ್ಮೆ ನೋಡಿ, ಫೋನನ್ನು ಮುಖದ ಹತ್ತಿರ ತಂದರು.

"ಅದು ಸುಳ್ಳು ಮಾರಾಯ. ನೀವು ಮಕ್ಕಳು ನಗ್ತಿದ್ರಿ ಅಲ್ವಾ, ಅದಕ್ಕೆ ಹೇಳ್ತಿದ್ದದ್ದು."