ಮುಂದಿನ ಗಾಲಿ ಎದ್ದ ಹೊಲ

ಪಣಕಹಳ್ಳಿಯ ಮಂಗಳಮ್ಮನ ಹೊಲದ ಮೂಲೆಯಲ್ಲಿ ಮರ ಕಡಿದು ಉಳಿದ ಒಂದು ಹುಣಸೆ ಬೊಡ್ಡೆ ಇತ್ತು. ದೊಡ್ಡದೇನಲ್ಲ, ಒಬ್ಬರು ತಬ್ಬಬಹುದಾದಷ್ಟು ದಪ್ಪ. ಅವಳ ಗಂಡ ಪ್ರಭುಸ್ವಾಮಿಯ ಸೊಂಟ ಮುರಿದದ್ದು ಅದನ್ನು ಕೀಳಲು ಹೋಗಿ. ಅಂದಿನಿಂದ ಆ ಮೂಲೆಯನ್ನು ಯಾರೂ ಉಳಲಿಲ್ಲ. ಬೊಡ್ಡೆಯ ಸುತ್ತ ಲಂಟಾನ ಬೆಳೆಯಿತು. ಆಳೆತ್ತರ ದಾಟಿ, ಬಿಸಿಲು ಒಳಗೆ ಇಳಿಯದಷ್ಟು ದಟ್ಟವಾಯಿತು. ರಾಗಿ ಕೊಯ್ಯಲು ಬಂದ ಹೆಂಗಸರು ಅದಕ್ಕೆ ಬೆನ್ನು ಮಾಡಿ ನಿಲ್ಲುತ್ತಿರಲಿಲ್ಲ.

ಗಂಡನಿಗೆ ಪೆಟ್ಟಾದ ದಿನ ಮಂಗಳಮ್ಮ ಮನೆಯಲ್ಲಿದ್ದಳು. ಹೊಲದ ಕಡೆಯಿಂದ ಇಂಜಿನ್ನಿನ ಸದ್ದು ಕೂಗಿನಂತೆ ಏರಿತು, ಒಮ್ಮೆಲೇ ನಿಂತಿತು. ಓಡಿಹೋಗಿ ನೋಡಿದರೆ ಅವರ ಹಳೆಯ ಸಣ್ಣ ಟ್ರ್ಯಾಕ್ಟರ್ ಹಿಮ್ಮುಖವಾಗಿ ಮಗುಚಿ ಬಿದ್ದಿತ್ತು. ಮುಂದಿನ ಗಾಲಿಗಳು ಆಕಾಶಕ್ಕೆ ಎದ್ದು ಇನ್ನೂ ಮೆಲ್ಲಗೆ ಸುತ್ತುತ್ತಿದ್ದವು. ಗಂಡ ಅದರ ಅಡಿಯಲ್ಲಿದ್ದ.

ಬದುಕಿದ. ಚಾಮರಾಜನಗರದ ಆಸ್ಪತ್ರೆಯಿಂದ ಊರುಗೋಲು ಹಿಡಿದು ಬಂದ. ಹೇಗಾಯಿತು ಎಂದು ಕೇಳಿದವರಿಗೆಲ್ಲ ಒಂದೇ ಮಾತು ಹೇಳಿದ: “ನಾನು ಬೊಡ್ಡೆನ ಎಳೀನಿಲ್ಲ ಕಣ. ಬೊಡ್ಡೆನೇ ನನ್ನ ಇಂದಕ್ಕೆ ಎಳೀತು.”

ಊರವರು ನಂಬಿದರು. ಆ ಮೂಲೆಯಲ್ಲಿ ಏನೋ ಇದೆ ಎಂದು ಮಾತಾಡಿಕೊಂಡರು. ಮಂಗಳಮ್ಮನೂ ನಂಬಿದಳು.

ಟ್ರ್ಯಾಕ್ಟರನ್ನು ಎತ್ತಿ ರಿಪೇರಿ ಮಾಡಿದವನು ಅವಳ ಸೋದರಮಾವ, ಗೆಟ್ಟವಾಡಿಯ ಚಿಕ್ಕಬಸಪ್ಪ. ಬಿತ್ತನೆಯ ಹೊತ್ತಿಗೆ ಬಾಡಿಗೆ ಗಾಡಿಗಾಗಿ ಅವರಿವರ ಮನೆ ಬಾಗಿಲು ಕಾದು ಸೋತಿದ್ದ ಮಂಗಳಮ್ಮ, ಓಡಿಸುವುದನ್ನೂ ಕಲಿಸೆಂದು ಅವನನ್ನು ಕೇಳಿದಳು. ಅವನು ಬೀಳು ಹೊಲದಲ್ಲಿ ಕಲಿಸಿದ. ಉಳುವುದು ಬೇಗ ಕೈಗೆ ಹತ್ತಿತು. ಪೊದೆ, ಬೊಡ್ಡೆ ಎಳೆಯುವ ಕೆಲಸ ಹೇಳಿಕೊಡುವಾಗ ಮಾತ್ರ ಮಾವ ನಗುವುದನ್ನು ಬಿಟ್ಟ.

“ಟ್ರೈಲರ್ ಸಿಗಾಕ್ಸೋ ಪಟ್ಟಿ ಅದೆಯಲ್ಲ, ನೆಲಕ್ಕೆ ಅತ್ರ, ಸರಪಳಿ ಅಲ್ಲೇ ಕಟ್ಬೇಕು ಕಣಮ್ಮಿ. ಮೇಲಕ್ಕೆ ಕಟ್ಟುದ್ರೆ ಬೊಡ್ಡೆ ಬರಾಕಿಲ್ಲ, ಗಾಡಿನೇ ಎದ್ದು ನಿನ್ಮೇಲೆ ಕೂತ್ಕತದೆ. ಸಣ್ಣ ಗೇರು, ಮೆಲ್ಲಗೆ. ಜಗ್ಗಬ್ಯಾಡ. ಎಡಗಾಲು ಕ್ಲಚ್ ಮೇಲೇ ಇರ್ಲಿ. ಸ್ಟೇರಿಂಗು ಅಗುರ ಆಯ್ತು ಅನ್ಸುದ್ರೆ ತಿರುಗಿ ನೋಡ್ಬ್ಯಾಡ, ತುಳುದ್ಬುಡು. ನೋಡಾಕೆ ಟೈಮ್ ಇರಾಕಿಲ್ಲ.”

ಅವಳು ಬೇರೆಯವರ ಹೊಲದಲ್ಲಿ ಜಾಲಿ ಕಿತ್ತಳು, ಲಂಟಾನ ಕಿತ್ತಳು. ತನ್ನ ಮೂಲೆಗೆ ಮಾತ್ರ ಹೋಗಲಿಲ್ಲ. ಅವಳು ಗಾಡಿ ಚಾಲೂ ಮಾಡಿದಾಗಲೆಲ್ಲ ಜಗುಲಿಯ ಮೇಲೆ ಕೂತ ಪ್ರಭುಸ್ವಾಮಿ ಮಾತು ನಿಲ್ಲಿಸಿ, ಸದ್ದು ದೂರವಾಗುವ ತನಕ ಕಿವಿಗೊಡುತ್ತಿದ್ದ.

ಕಳೆದ ದೀಪಾವಳಿಯಾದ ಮೇಲೆ, ಊರವರು ಸಗಣಿ ಎರಚಾಡುವ ಗುಮಟಾಪುರದ ಗೊರೆ ಹಬ್ಬಕ್ಕೆ ಹೋಗಿದ್ದ ದಿನ, ಪಕ್ಕದ ಹೊಲದ ಮುರುಗೇಶನ ಕರು ಕೊಟ್ಟಿಗೆಯಿಂದ ಕಾಣೆಯಾಯಿತು. ಎಳೆದುಕೊಂಡು ಹೋದ ಗುರುತು ನೇರವಾಗಿ ಮಂಗಳಮ್ಮನ ಲಂಟಾನಕ್ಕೆ ಹೋಗಿತ್ತು. ಅರಣ್ಯದವರು ಬಂದು ಹೆಜ್ಜೆ ನೋಡಿ ಚಿರತೆ ಎಂದರು. ಬೋನು ಇಟ್ಟರು. ಬೋನಿಗೆ ಏನೂ ಬೀಳಲಿಲ್ಲ, ಆದರೆ ಊರಿನ ನಾಯಿಗಳು ಒಂದೊಂದಾಗಿ ಕಡಿಮೆಯಾದವು.

“ಅಕ್ಕ, ಪೊದೆ ತೆಗಿಲೇಬೇಕು,” ಎಂದ ಮುರುಗೇಶ. “ಇವತ್ತು ಕರ. ನಾಳೆ ಏನೋ.”

ಒಂದು ಬೆಳಿಗ್ಗೆ, ಬಿಸಿಲೇರಿದ ಮೇಲೆ, ಅವರಿಬ್ಬರೂ ಹೊರಟರು. ಬರಬೇಡಿ ಎಂದರೂ ಪ್ರಭುಸ್ವಾಮಿ ಊರುಗೋಲು ಊರಿಕೊಂಡು ಹಿಂದೆಯೇ ಬಂದು ಬದುವಿನ ಮೇಲೆ ಕೂತ. ಮುರುಗೇಶ ಮೊದಲು ಪಟಾಕಿ ಹೊಡೆದ. ಪೊದೆಯಿಂದ ಒಂದು ಹಕ್ಕಿಯೂ ಏಳಲಿಲ್ಲ. ಏನಾದರೂ ಹೊರಬಂದಿದ್ದರೆ ಮಂಗಳಮ್ಮನಿಗೆ ಇಷ್ಟು ಭಯವಾಗುತ್ತಿರಲಿಲ್ಲ.

ಅಂಚಿನಿಂದ ಶುರುಮಾಡಿದರು. ಮುರುಗೇಶ ಒಂದೊಂದು ಪೊದೆಯ ಬುಡಕ್ಕೆ ಸರಪಳಿ ಸುತ್ತಿ, ಅದರ ಮೇಲೆ ಒದ್ದೆ ಗೋಣಿಚೀಲ ಹೊದಿಸುವನು. ಸರಪಳಿ ಹರಿದರೆ ಚಾಟಿಯಂತೆ ಹಾರಿ ಬಡಿಯದಿರಲೆಂದು. ಆಮೇಲೆ ದೂರ ಸರಿದು ಕೈ ಎತ್ತುವನು. ಮಂಗಳಮ್ಮ ಮೆಲ್ಲಗೆ ಮುಂದೆ ಹೋಗುವಳು. ಪೊದೆಗಳು ಬೇರುಸಮೇತ ಕಿತ್ತು ಬರುತ್ತಿದ್ದವು. ಒಳಗೆ ಹೋದಂತೆ ಗೊರಸು ಸಿಕ್ಕವು, ನಾಯಿಯ ಕೊರಳ ಪಟ್ಟಿ ಸಿಕ್ಕಿತು. ಬೊಡ್ಡೆಯ ಬುಡದಲ್ಲಿ ನೆಲ ನುಣ್ಣಗೆ, ಮಲಗಿ ಮಲಗಿ ಒತ್ತಿದಂತಿತ್ತು. ಮುರುಗೇಶ ಬಗ್ಗಿ ಅಂಗೈ ಇಟ್ಟವನು ತಟ್ಟನೆ ಎತ್ತಿಕೊಂಡ.

“ಇನ್ನೂ ಬೆಚ್ಗದೆ, ಅಕ್ಕ.”

ಅದು ಯಾವಾಗ, ಯಾವ ಕಡೆ ಹೋಯಿತೆಂದು ಮೂವರಲ್ಲಿ ಯಾರೂ ಕಂಡಿರಲಿಲ್ಲ.

ಮಧ್ಯಾಹ್ನಕ್ಕೆ ಬೊಡ್ಡೆ ಒಂಟಿಯಾಗಿ ಬಯಲಾಯಿತು. ಸುತ್ತ ಅಗೆದು, ಒಂದು ಕಡೆಯ ಬೇರುಗಳನ್ನು ಕೊಡಲಿಯಿಂದ ಕಡಿದರು. ಮಂಗಳಮ್ಮ ತಾನೇ ಇಳಿದು ಸರಪಳಿಯನ್ನು ತಗ್ಗಿನ ಪಟ್ಟಿಗೆ ಸಿಕ್ಕಿಸಿದಳು. ಮೊದಲ ಸಲ ಎಳೆದಾಗ ಸರಪಳಿ ಬೊಡ್ಡೆಯ ಮೇಲೆ ಜಾರಿ ಕಳಚಿತು. ಅವಳು ಗಾಡಿಯನ್ನು ಒಂದಿಷ್ಟು ಹಿಂದಕ್ಕೆ ತಂದು ಕ್ಲಚ್ ತುಳಿದು ಕೂತಳು. ಮುರುಗೇಶ ಹಾರೆ ತರಲು ಆಚೆ ಬದುವಿಗೆ ಹೋದ.

ಹಿಂದೆ ಸರಪಳಿಯ ಸದ್ದಾಯಿತು. ಮುರುಗೇಶ ಬಂದನೆಂದುಕೊಂಡಳು.

“ಊಂ, ಬುಡು!”

ಆ ದನಿ ಗಂಡನದು. ಅದು ಅವಳಿಗೆ ಗೊತ್ತಾಯಿತು. ಆದರೂ ತಿರುಗಿ ನೋಡದೆ ಕ್ಲಚ್ ಬಿಟ್ಟಳು. ಯಾಕೆ ಬಿಟ್ಟೆನೆಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದಾಳೆ. ಅವನು ಹೇಳಿದ್ದನ್ನು ಮಾಡಿ ಮಾಡಿ ಅವಳ ಕೈಕಾಲಿಗೆ ಅದೇ ರೂಢಿಯಾಗಿತ್ತು, ಅಷ್ಟೇ.

ಸರಪಳಿ ಬಿಗಿಯಿತು. ಇಂಜಿನ್ ಮುಲುಗಿತು. ಕೈಯಲ್ಲಿದ್ದ ಸ್ಟೀರಿಂಗ್ ಇದ್ದಕ್ಕಿದ್ದಂತೆ ಭಾರ ಕಳೆದುಕೊಂಡಿತು. ಎದುರಿನ ಬೆಟ್ಟದ ಸಾಲು ಬಾನೆಟ್ಟಿನ ಹಿಂದೆ ಮುಳುಗಿ, ಕಣ್ಣ ಮುಂದೆ ಬರೀ ಆಕಾಶ ನಿಂತಿತು. ಅವಳು ತುಳಿದಳು. ಗಾಡಿಯ ಮೂತಿ ಧಡಾರನೆ ನೆಲಕ್ಕೆ ಬಿತ್ತು. ನಾಲಗೆ ಕಚ್ಚಿ ಬಾಯಿ ತುಂಬ ರಕ್ತವಾಯಿತು.

ಇಂಜಿನ್ ನಿಲ್ಲಿಸಿ ಇಳಿದು ಹಿಂದೆ ಹೋದಳು. ಪ್ರಭುಸ್ವಾಮಿ ದೊಡ್ಡ ಗಾಲಿಯ ಪಕ್ಕದಲ್ಲೇ ನಿಂತಿದ್ದ. ಸರಪಳಿ ತಗ್ಗಿನ ಪಟ್ಟಿಯಲ್ಲಿರಲಿಲ್ಲ. ಅವನು ಅದನ್ನು ಮೇಲೆ, ಗಾಲಿಗಳ ನಡುವಿನ ಆಕ್ಸಲ್ಲಿಗೆ ಸುತ್ತಿ ಕಟ್ಟಿದ್ದ.

ಅವಳು ಬಾಯಲ್ಲಿದ್ದ ರಕ್ತ ಉಗಿದಳು.

“ಅವತ್ತೂ ಇಲ್ಲೇ ಕಟ್ಟಿದ್ರಾ?”

“ತಗ್ಗಲ್ ಕಟ್ಟುದ್ರೆ ಜಾರ್ತದೆ. ಮೇಲ್ಕಟ್ಟುದ್ರೆ ಬೊಡ್ಡೆನ ಎತ್ತುತ್ತದೆ,” ಎಂದ ಅವನು. ದನಿಯಲ್ಲಿ ನಡುಕವಿರಲಿಲ್ಲ. “ನಾನು ಕಟ್ಟಿದ್ದು ಸರಿಯಾಗೇ ಇತ್ತು. ನಿಂಗೂ ಗೊತ್ತಾಗ್ಲಿ ಅಂತ ಕಟ್ದೆ.”

“ನಾನೂ ಗಾಡಿ ಅಡೀಗೆ ಓಯ್ತಿದ್ನಲ್ಲ.”

“ಓಗ್ನಿಲ್ವಲ್ಲ.”

ಮಂಗಳಮ್ಮ ಅವನಿಂದ ಒಂದು ಹೆಜ್ಜೆ ಹಿಂದೆ ಸರಿದಳು. ಬೆಳಿಗ್ಗೆ ಬೆಚ್ಚಗಿನ ನೆಲ ಕಂಡಾಗಲೂ ಅವಳಿಗೆ ಇಷ್ಟು ಭಯವಾಗಿರಲಿಲ್ಲ. ಬೊಡ್ಡೆಯಲ್ಲಿ ಏನೂ ಇರಲಿಲ್ಲ. ಇಷ್ಟು ವರ್ಷ ಈ ಮನುಷ್ಯ ಜಗುಲಿಯ ಮೇಲೆ ಕೂತು, ತಾನು ಕಟ್ಟಿದ್ದು ಸರಿ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ.

ಹಾರೆ ಹಿಡಿದು ಬಂದ ಮುರುಗೇಶನಿಗೆ ಅವಳು ಹೇಳಿದ್ದು ಇಷ್ಟೇ: “ಇವ್ರನ್ನ ಮನೆತಂಕ ಬುಟ್ಟು ಬಾ.”

ಪ್ರಭುಸ್ವಾಮಿ ಹೋಗಲೊಪ್ಪಲಿಲ್ಲ, ಬೈದ. ಕೊನೆಗೆ ಮುರುಗೇಶ ತೋಳು ಹಿಡಿದು ನಡೆಸಿಕೊಂಡು ಹೋದ. ಅವನು ಬಂದ ಮೇಲೆ ಇಬ್ಬರೂ ಉಳಿದ ಬೇರುಗಳನ್ನು ಕಡಿದರು. ಸರಪಳಿ ಜಾರದಂತೆ ಬೊಡ್ಡೆಯ ಸುತ್ತ ಕೊಡಲಿಯಿಂದ ಕಚ್ಚು ಕೊರೆದು, ತಗ್ಗಿನಲ್ಲೇ ಕಟ್ಟಿ, ಇಷ್ಟಿಷ್ಟೇ ಎಳೆದರು. ಹೊತ್ತು ಇಳಿಯುವಾಗ ಬೊಡ್ಡೆ ವಾಲಿತು, ಮತ್ತೆ ಎಳೆದಾಗ ಹೊರಳಿತು. ನೋಡಲು ಬಂದ ಊರವರು ಗುಂಡಿಗೆ ಇಣುಕಿದರು. ಕೆಂಪು ಮಣ್ಣು, ಹರಿದ ಬೇರು. ಅಷ್ಟೇ ಇತ್ತು.

ಆ ಮೂಲೆಯಲ್ಲಿ ಈಗ ಹುರುಳಿ ಬಂದಿದೆ. ಚಿರತೆ ಊರಿನ ಆಚೆ ದಿಕ್ಕಿಗೆ ಹೋಗಿದೆ ಎನ್ನುತ್ತಾರೆ, ಅಲ್ಲಿ ಆಡುಗಳು ಕಾಣೆಯಾಗುತ್ತಿವೆ. ಮಂಗಳಮ್ಮನನ್ನು ಪೊದೆ ಕೀಳಲು ಗೆಟ್ಟವಾಡಿಯಿಂದಲೂ ಕರೆಯುತ್ತಾರೆ.

ಆ ದಿನದ ಮಾತನ್ನು ಗಂಡ ಹೆಂಡಿರು ಮತ್ತೆ ಎತ್ತಿಲ್ಲ. ಆದರೆ ಒಂದು ಬೆಳಿಗ್ಗೆ ಅವಳು ಹಾಲು ಕರೆದು ಬರುವಾಗ ಪ್ರಭುಸ್ವಾಮಿ ಟ್ರ್ಯಾಕ್ಟರಿನ ಸೀಟಿನಲ್ಲಿ ಕೂತಿದ್ದ. ಹೇಗೆ ಹತ್ತಿದನೋ. ಊರುಗೋಲು ಕೆಳಗೆ ಬಿದ್ದಿತ್ತು. ಸತ್ವವಿಲ್ಲದ ಎಡಗಾಲನ್ನು ಎರಡೂ ಕೈಯಿಂದ ಎತ್ತಿ ಕ್ಲಚ್ಚಿನ ಮೇಲೆ ಇಟ್ಟುಕೊಳ್ಳುತ್ತಿದ್ದ.

ಅಂದಿನಿಂದ ಅವಳು ಕೀಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೇ ಓಡಾಡುತ್ತಾಳೆ.

“ಕೀ ಎಲ್ಲಮ್ಮಿ?” ಎಂದು ಅವನು ದಿನಾ ಕೇಳುತ್ತಾನೆ, ಮೆಲ್ಲಗೆ, ನಗುತ್ತಾ. “ಒಂದ್ಸಲ ಕೊಡು. ವಸಿ ತೋರುಸ್ತೀನಿ.”

ಅವಳು ಅವನ ಮುಂದೆ ಮುದ್ದೆ ಇಟ್ಟು, ಅವನು ಉಂಡು ಮುಗಿಸುವ ತನಕ ಬಾಗಿಲಲ್ಲೇ ನಿಂತಿರುತ್ತಾಳೆ.